ಇಷ್ಟು ವರ್ಷ ಆ ಮಾತ್ರೆ ನುಂಗಿದ್ರೆ ಲಿವರ್ ಹಾಳಾಗಲ್ವಾ?

ನನಗೆ ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆ ಇದೆ, ಅದರ ಜೊತೆಗೇ ಬರುವ ಕೀಲುವಾತವೂ ಇದೆ. ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಶುರುಮಾಡಿ ಒಂಬತ್ತು ವರ್ಷವಾಯಿತು. ವಿಷಯ ಗೊತ್ತಾದವರೆಲ್ಲ ಮೇಲಿನ ಪ್ರಶ್ನೆ ಕೇಳುತ್ತಾರೆ. ಕಳೆದ ತಿಂಗಳು ಇದೇ ಮಾತ್ರೆ ಬರೆಸಿಕೊಂಡು ಬಂದ ಚಿಕ್ಕಮ್ಮನ ಮಗಳು ಇನ್ನೊಂದನ್ನೂ ಸೇರಿಸಿದಳು: "ಅಕ್ಕಾ, ಇದು ಕ್ಯಾನ್ಸರ್ ಔಷಧಿಯಂತೆ?"

ಹೌದು, ಕ್ಯಾನ್ಸರ್‌ಗೂ ಕೊಡುತ್ತಾರೆ. ಅಲ್ಲಿ ಕೆಲವೊಮ್ಮೆ ಒಂದೇ ಸಲಕ್ಕೆ ಗ್ರಾಂ ಲೆಕ್ಕದಲ್ಲಿ. ನಮಗೆ ಸಾಮಾನ್ಯವಾಗಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ಸೋರಿಯಾಸಿಸ್‌ಗೆ ಇದನ್ನು ಕೊಡುತ್ತಿರುವುದು ದಶಕಗಳಿಂದ. ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಇನ್ನೊಂದು ಬಗೆಯ ಕೀಲುವಾತಕ್ಕೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 1988ರಲ್ಲಿ. ಹಳೆಯ ಔಷಧಿ. ಅದರ ಗುಣ, ಅವಗುಣ ಎರಡೂ ವೈದ್ಯರಿಗೆ ಚೆನ್ನಾಗಿ ಗೊತ್ತು.

ಲಿವರ್‌ಗೆ ತೊಂದರೆ ಆಗಬಹುದು, ಇಲ್ಲವೆನ್ನುವುದಿಲ್ಲ. ಕುಡಿಯುವವರಿಗೆ, ತೂಕ ಹೆಚ್ಚಿರುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಆ ಅಪಾಯ ಹೆಚ್ಚು. ಆದರೆ ತೊಂದರೆ ಶುರುವಾದರೆ ಅದರ ಸುಳಿವು ಬಹುಮಟ್ಟಿಗೆ ರಕ್ತಪರೀಕ್ಷೆಯಲ್ಲಿ ಮೊದಲೇ ಸಿಗುತ್ತದೆ, ಡೋಸ್ ಇಳಿಸಲು ಅಥವಾ ನಿಲ್ಲಿಸಲು ಸಮಯವಿರುತ್ತದೆ. ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಎಲ್ಲ ಸರಿಯಿದ್ದರೆ ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಪರೀಕ್ಷೆ. ಅದರಲ್ಲಿ ಲಿವರ್ ಮಾತ್ರವಲ್ಲ, ರಕ್ತಕಣಗಳು ಮತ್ತು ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಕೂಡ ನೋಡುತ್ತಾರೆ. ಈ ಔಷಧಿ ಮೈಯಿಂದ ಹೊರಹೋಗುವುದು ಹೆಚ್ಚಾಗಿ ಕಿಡ್ನಿಯ ಮೂಲಕ. ಕಿಡ್ನಿ ನಿಧಾನವಾದರೆ ಅದು ರಕ್ತದಲ್ಲೇ ಉಳಿದುಬಿಡುತ್ತದೆ. ಆದ್ದರಿಂದ ವಾಂತಿ-ಭೇದಿಯಾಗಿ ಮೈ ಒಣಗಿದ್ದರೆ, ಜ್ವರವಿದ್ದರೆ, ಆ ವಾರದ ಮಾತ್ರೆ ನುಂಗುವ ಮುಂಚೆ ವೈದ್ಯರಿಗೆ ಫೋನ್ ಮಾಡಿ.

ನನಗೆ ನಿಜವಾಗಿ ಭಯವಿರುವುದು ಲಿವರ್ ಬಗ್ಗೆ ಅಲ್ಲ, ಎಣಿಕೆಯ ಬಗ್ಗೆ. ಇದು ವಾರಕ್ಕೊಂದೇ ದಿನ ತಗೊಳ್ಳುವ ಮಾತ್ರೆ. ತಪ್ಪಿ ದಿನಾ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಅದರ ಜೊತೆ ಕೊಡುವ ಫೋಲಿಕ್ ಆಸಿಡ್ ಎಂಬ ವಿಟಮಿನ್ ಕೂಡ ಎಷ್ಟೋ ಸಲ ಅಂಥದೇ ಪುಟ್ಟ ಹಳದಿ ಮಾತ್ರೆ. ಅದಲುಬದಲಾದರೆ ಅನಾಹುತ.

ನಾಲ್ಕನೇ ವರ್ಷದಲ್ಲಿ ನನಗೂ ಎಣಿಕೆ ತಪ್ಪಿ ಅನಾಹುತ ಆಗುವುದರಲ್ಲಿತ್ತು. ನನ್ನ ಡೋಸ್ 15 ಮಿಲಿಗ್ರಾಂ, ಅಂದರೆ 2.5ರ ಆರು ಮಾತ್ರೆ. ಆ ರಾತ್ರಿ ಹೊಸ ಸ್ಟ್ರಿಪ್ಪಿನಿಂದ ಆರನ್ನು ಅಂಗೈಗೆ ಹಾಕಿಕೊಂಡು ನೀರಿನ ಲೋಟ ಎತ್ತಿದ್ದೆ. ಯಾಕೋ ಸ್ಟ್ರಿಪ್ಪಿನ ಬಣ್ಣ ಬೇರೆ ಅನ್ನಿಸಿತು. ದೀಪದ ಹತ್ತಿರ ಹಿಡಿದು ನೋಡಿದರೆ 10 ಎಂದಿತ್ತು. ಔಷಧಿ ಅಂಗಡಿಯವರು ಅವಸರದಲ್ಲಿ ಕೊಟ್ಟಿದ್ದರು, ನಾನೂ ನೋಡದೆ ಚೀಲಕ್ಕೆ ಹಾಕಿಕೊಂಡಿದ್ದೆ. ಆರು ನುಂಗಿದ್ದರೆ 60 ಮಿಲಿಗ್ರಾಂ. ಲೋಟ ಕೆಳಗಿಟ್ಟ ಮೇಲೂ ಕೈ ನಡುಗುತ್ತಿತ್ತು. ಅಂದಿನಿಂದ ಈ ಔಷಧಿಯ 2.5 ಮಾತ್ರೆ ಬಿಟ್ಟು ಬೇರೆ ಅಳತೆಯದು ಮನೆಯೊಳಗೆ ಬಂದಿಲ್ಲ. ಚೀಟಿಯಲ್ಲಿ "ವಾರಕ್ಕೊಮ್ಮೆ, ಮಂಗಳವಾರ" ಎಂದು ಅಕ್ಷರದಲ್ಲಿ ಬರೆಸಿಕೊಳ್ಳುತ್ತೇನೆ. ಮರೆತರೆ ಎರಡು ದಿನದೊಳಗೆ ತಗೊಳ್ಳುತ್ತೇನೆ, ಅದೂ ದಾಟಿದರೆ ಆ ವಾರದ್ದು ಬಿಟ್ಟಂತೆಯೇ. ಮುಂದಿನ ವಾರ ಎರಡು ಪಟ್ಟು ನುಂಗುವ ಮಾತೇ ಇಲ್ಲ.

ಬಾಯಿಹುಣ್ಣು, ಕಾರಣವಿಲ್ಲದೆ ಮೈಮೇಲೆ ನೀಲಿಗಟ್ಟುವುದು, ಗಂಟಲುನೋವಿನ ಜೊತೆ ಜ್ವರ, ಹೊಸದಾಗಿ ಶುರುವಾದ ಒಣಕೆಮ್ಮು ಮತ್ತು ಏದುಸಿರು: ಇವು ಬಂದರೆ ಮುಂದಿನ ಪರೀಕ್ಷೆಯ ತನಕ ಕಾಯಬೇಡಿ. ಉರಿಮೂತ್ರಕ್ಕೆಂದು ಬೇರೆ ವೈದ್ಯರಲ್ಲಿ ಹೋದರೆ ಮೊದಲು ಈ ಮಾತ್ರೆಯ ಹೆಸರು ಹೇಳಿ. ಉರಿಮೂತ್ರಕ್ಕೆ ಕೊಡುವ ಟ್ರೈಮೆಥೊಪ್ರಿಮ್ ಅಥವಾ ಕೋ-ಟ್ರೈಮೊಕ್ಸಜೋಲ್ ಎಂಬ ಆಂಟಿಬಯಾಟಿಕ್ ಇದರ ಜೊತೆ ಸೇರಿದರೆ ಮೂಳೆಮಜ್ಜೆಯಲ್ಲಿ ರಕ್ತಕಣ ಹುಟ್ಟುವುದೇ ಕುಂದಬಹುದು. ನೋವಿನ ಮಾತ್ರೆಯನ್ನೂ ಕೇಳಿಯೇ ತಗೊಳ್ಳಿ.

ತಂಗಿಗೆ ಇಷ್ಟೆಲ್ಲ ಹೇಳಿದ ಮೇಲೆ ಕೇಳಿದೆ: "ಮದುವೆಯಾಗಿ ವರ್ಷವಾಯ್ತಲ್ಲ, ಮಗುವಿನ ಯೋಚನೆ ಇದ್ಯಾ? ಅದನ್ನ ಡಾಕ್ಟರಿಗೆ ಹೇಳಿದ್ಯಾ?" ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲವಂತೆ. ಗರ್ಭದಲ್ಲಿರುವ ಮಗುವಿಗೆ ಇದು ತೀರಾ ಅಪಾಯ. ತಿಂಗಳುಗಳ ಮುಂಚೆಯೇ ನಿಲ್ಲಿಸಿ, ಬೇರೆ ಔಷಧಿಗೆ ಬದಲಾಗಬೇಕು. ಅವಳು ಸ್ಟ್ರಿಪ್ ಒಡೆಯದೆ ಹಾಗೇ ಎತ್ತಿಟ್ಟಳು. ಮರುದಿನ ಬೆಳಿಗ್ಗೆಯೇ ಇಬ್ಬರೂ ಡಾಕ್ಟರ ಹತ್ತಿರ ಹೋದೆವು.