ಗುಂಡಿ ಹಾಕಿಕೊಳ್ಳುವಷ್ಟು ಹೊತ್ತು

ಬೆಳಿಗ್ಗೆ ಅಕ್ಕನ ಮಗಳು ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಬೇಕು ಅಂತ ಹಟ ಹಿಡಿದಳು.

ನಾಲಿಗೆಯ ತುದಿ ಹೊರಗೆ. ಎಡಗೈಯಲ್ಲಿ ಕಾಜದ ಅಂಚು, ಬಲಗೈಯಲ್ಲಿ ಗುಂಡಿ. ಅರ್ಧ ನುಸುಳುತ್ತದೆ, ಮತ್ತೆ ಜಾರುತ್ತದೆ. ಅವಳಿಗೆ ಬೇಜಾರೇ ಇಲ್ಲ. ಚಡಪಡಿಕೆಯೆಲ್ಲ ಪಕ್ಕದಲ್ಲಿ ನಿಂತ ದೊಡ್ಡವರದ್ದು.

1907ರಲ್ಲಿ ರೋಮ್‌ನ ಬಡವರ ಬಡಾವಣೆಯೊಂದರಲ್ಲಿ ‘ಮಕ್ಕಳ ಮನೆ’ ಅನ್ನುವ ಪುಟ್ಟ ಮಕ್ಕಳ ಶಾಲೆ ಶುರು ಮಾಡಿದ ಮರಿಯಾ ಮಾಂಟೆಸ್ಸರಿ ನೆನಪಾದರು. ಅವರ ಪದ್ಧತಿಯಲ್ಲಿ ಗುಂಡಿ ಹಾಕುವುದೂ ಒಂದು ಪಾಠ. ಮರದ ಚೌಕಟ್ಟು, ಅದಕ್ಕೆ ಎರಡು ತುಂಡು ಬಟ್ಟೆ, ನಡುವೆ ಗುಂಡಿಗಳ ಸಾಲು. ಮಗು ಹಾಕುತ್ತದೆ, ಬಿಚ್ಚುತ್ತದೆ, ಮತ್ತೆ ಹಾಕುತ್ತದೆ. ಒಂದು ಕಾಜ ಬಿಟ್ಟುಹೋದರೆ ಕೊನೆಗೆ ಒಂದು ಗುಂಡಿ ಹೆಚ್ಚಾಗಿ ಉಳಿಯುತ್ತದೆ. ಯಾರೂ ತಪ್ಪು ಅಂತ ಹೇಳಬೇಕಿಲ್ಲ, ಮಗುವಿಗೇ ಗೊತ್ತಾಗುತ್ತದೆ. ಎಷ್ಟು ಚೆಂದದ ಯೋಚನೆ ಅಲ್ವಾ!

1762ರಲ್ಲೇ ತತ್ವಜ್ಞಾನಿ ರೂಸೋ ಇನ್ನೂ ಗಟ್ಟಿಯಾಗಿ ಹೇಳಿದ್ದ. ಶಿಕ್ಷಣದಲ್ಲಿ ಸಮಯ ಉಳಿಸಬೇಡಿ, ಕಳೆಯಿರಿ ಅಂತ. (ತನ್ನ ಐದೂ ಮಕ್ಕಳನ್ನು ಅನಾಥಾಲಯಕ್ಕೆ ಬಿಟ್ಟೆ ಅಂತ ಬರೆದುಕೊಂಡವನೂ ಅವನೇ. ಅದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ. ಆದರೂ ಈ ಮಾತನ್ನು ಬಿಡಲಾರೆ.)

ನಾವು ಮಕ್ಕಳನ್ನು ನೋಡಿದಾಗೆಲ್ಲ ಇಪ್ಪತ್ತು ವರ್ಷ ಆಚೆಗಿನ ಯಾರನ್ನೋ ನೋಡುತ್ತಿರುತ್ತೇವೆ. ಏನಾಗ್ತಾಳೆ, ಎಲ್ಲಿ ಓದ್ತಾಳೆ, ಹಿಂದೆ ಬೀಳ್ತಾಳಾ. ಮುಂದೆ ಅವಳು ಏನೇ ಆಗಲಿ, ಐದು ವರ್ಷದವಳ ಇವತ್ತಿನ ದಿನಕ್ಕೂ ಅದರದ್ದೇ ಬೆಲೆ ಇದೆ. ಅದನ್ನು ಸುಮ್ನೆ ತಯಾರಿ ಅಂತ ಕರೆದುಬಿಡುವುದು ನನಗೆ ಸರಿ ಅನಿಸುವುದಿಲ್ಲ.

ನಿಮ್ಮ ಮನೆಯ ಮಕ್ಕಳು ಯಾವ ಕೆಲಸಕ್ಕೆ ಹೀಗೆ ಅಂಟಿಕೊಂಡು ಕೂರುತ್ತಾರೆ? ಬರೆಯಿರಿ, ಓದಬೇಕು ನನಗೆ.