ಹಳೆಯ ಅಗ್ಗದ ಕೌಬಾಯ್ ಚಿತ್ರಗಳಲ್ಲಿ ಬಿಳಿಯರಲ್ಲದವರು ಇದ್ದರೇ?

ಹಾಲಿವುಡ್‌ನ ಸಣ್ಣ ಕಂಪನಿಗಳು 1930 ಮತ್ತು 40ರ ದಶಕಗಳಲ್ಲಿ ವಾರದೊಪ್ಪತ್ತಿನಲ್ಲಿ ಚಿತ್ರೀಕರಿಸಿ ಮುಗಿಸುತ್ತಿದ್ದ ಕೌಬಾಯ್ ಚಿತ್ರಗಳು ನನಗೆ ಇಷ್ಟವೆಂದು ತಿಳಿದವರೆಲ್ಲ ಕೇಳುವ ಪ್ರಶ್ನೆಯಿದು. ಇದ್ದರು ಎಂಬುದೇ ನನ್ನ ಉತ್ತರ; ಆದರೆ ಕಥೆಯ ಲಗಾಮು ಅವರ ಕೈಗೆ ಬಂದದ್ದು ಅಪರೂಪ, ಬಂದಾಗಲೂ ಅದರ ಹಿಂದೆ ವ್ಯಾಪಾರದ ಲೆಕ್ಕಾಚಾರವಿತ್ತು.

ಹರ್ಬ್ ಜೆಫ್ರೀಸ್ ಅವರನ್ನೇ ನೋಡಿ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರಿಗೆ ಪ್ರತ್ಯೇಕ ಚಿತ್ರಮಂದಿರಗಳಿದ್ದ ಆ ಕಾಲದಲ್ಲಿ, ಅಲ್ಲಿಗೂ ಚಿತ್ರಗಳು ಬೇಕಾಗಿದ್ದುದರಿಂದ, ಜೆಡ್ ಬ್ಯುಯೆಲ್ ಎಂಬ ನಿರ್ಮಾಪಕ 1937ರಲ್ಲಿ ಈ ಗಾಯಕನನ್ನು ನಾಯಕನನ್ನಾಗಿಸಿ, ಕಪ್ಪು ನಟರನ್ನೇ ಸೇರಿಸಿ 'ಹಾರ್ಲೆಮ್ ಆನ್ ದಿ ಪ್ರೇರಿ' ತೆಗೆದರು. ಆಗಿನ ಕೌಬಾಯ್ ಚಿತ್ರಗಳ ಜನಪ್ರಿಯ ನಾಯಕ ಟಾಮ್ ಮಿಕ್ಸ್ ಕಪ್ಪು ಮನುಷ್ಯನಲ್ಲವಾದ್ದರಿಂದ ನೀನು ಅವನ ಪಾತ್ರ ವಹಿಸುವಂತಿಲ್ಲ ಎಂದು ಜೊತೆಯ ಹುಡುಗರು ಆಟದಿಂದ ಹೊರಗಿಟ್ಟಾಗ ಅಳುತ್ತಿದ್ದ ಒಬ್ಬ ಬಾಲಕನನ್ನು ಕಂಡಮೇಲೆ ಇಂಥ ಚಿತ್ರದ ಆಸೆ ತಮ್ಮಲ್ಲಿ ಹುಟ್ಟಿತೆಂದು ಜೆಫ್ರೀಸ್ ಹೇಳುತ್ತಿದ್ದರು. ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ವಿಕ್ಟರ್‌ವಿಲ್ ಬಳಿಯ ಮರ್‍ರೇ ರ‍್ಯಾಂಚ್‌ನಲ್ಲಿ. ಅದರ ಒಡೆಯರೂ ಕಪ್ಪು ದಂಪತಿಗಳೇ. ಅಮೆರಿಕದ ನಿಜವಾದ ಪಶ್ಚಿಮ ಪ್ರದೇಶದಲ್ಲಿ ದನ ಕಾಯುತ್ತಿದ್ದ ಕೌಬಾಯ್‌ಗಳಲ್ಲಿ ಕಪ್ಪು ಜನರು ಗಣನೀಯ ಸಂಖ್ಯೆಯಲ್ಲಿದ್ದರು ಎಂಬುದನ್ನು ನೆನೆದರೆ, ಈ ಚಿತ್ರವನ್ನು ಆಗ ವಿಚಿತ್ರ ಪ್ರಯೋಗವೆಂಬಂತೆ ಕಂಡದ್ದೇ ನನಗೆ ವಿಚಿತ್ರವಾಗಿ ತೋರುತ್ತದೆ.

ಅಮೆರಿಕದ ಮೂಲನಿವಾಸಿಗಳ ವಿಷಯದಲ್ಲಿ ಅಗ್ಗದ ಬಜೆಟ್ ಬೇರೊಂದು ಬಗೆಯಲ್ಲಿ ಕೆಲಸ ಮಾಡಿತು. ನೂರಾರು ಸವಾರರಿಗೆ ಕೂಲಿ ಕೊಡಲಾಗದ ಕಂಪನಿಗಳು ಹಳೆಯ ಚಿತ್ರಗಳ ದಾಳಿಯ ದೃಶ್ಯಗಳನ್ನೇ ಕತ್ತರಿಸಿ ಅಂಟಿಸುತ್ತಿದ್ದವು, ಇಲ್ಲವೇ ಮೂಲನಿವಾಸಿ ಪಾತ್ರಗಳನ್ನು ಪೂರ್ತಿ ಕೈಬಿಟ್ಟು ಊರಿನ ಬ್ಯಾಂಕಿನವನನ್ನೋ ಮದ್ಯದಂಗಡಿಯ ಮಾಲೀಕನನ್ನೋ ಖಳನನ್ನಾಗಿಸುತ್ತಿದ್ದವು. ಹೀಗಾಗಿ ದ್ವೇಷಕ್ಕಿಂತಲೂ ಹೆಚ್ಚಾಗಿ ಗೈರುಹಾಜರಿಯೇ ಎದ್ದು ಕಾಣುತ್ತದೆ. 1949ರಲ್ಲಿ ಆರಂಭವಾದ 'ಲೋನ್ ರೇಂಜರ್' ಟಿವಿ ಸರಣಿಯಲ್ಲಿ ನಾಯಕನ ಮೂಲನಿವಾಸಿ ಜೊತೆಗಾರ ಟಾಂಟೋ ಆಗಿ ಕಾಣಿಸಿಕೊಂಡ ಜೇ ಸಿಲ್ವರ್‌ಹೀಲ್ಸ್ ಕೆನಡಾದ ಮೊಹಾಕ್ ಎಂಬ ಮೂಲನಿವಾಸಿ ಜನಾಂಗದವರು. ಮೂಲನಿವಾಸಿ ಪಾತ್ರಕ್ಕೆ ಮೂಲನಿವಾಸಿ ನಟನೇ ಸಿಕ್ಕರೇನೋ ಸರಿ, ಆದರೆ ಅವರ ಬಾಯಿಗೆ ಕೊಟ್ಟದ್ದು ಮುರುಕು ಇಂಗ್ಲಿಷ್. ಪಾತ್ರದ ಹೆಸರಿಗೋ, ಸ್ಪ್ಯಾನಿಷ್‌ನಲ್ಲಿ 'ಪೆದ್ದ' ಎಂಬರ್ಥ. ಮುಂದೆ ಅವರು ಮೂಲನಿವಾಸಿ ನಟರಿಗಾಗಿಯೇ ತರಬೇತಿ ಶಾಲೆಯೊಂದನ್ನು ಕಟ್ಟಲು ನೆರವಾದರು.

ಚಿತ್ರಗಳಲ್ಲಿ ಮೆಕ್ಸಿಕನ್ ಸಾಹಸಿ ಸವಾರನಾಗಿ ಬರುವ ಸಿಸ್ಕೋ ಕಿಡ್‌ನ ಪಾತ್ರ ಇದಕ್ಕಿಂತ ಅದೃಷ್ಟವಂತ. ಫಾಕ್ಸ್‌ನಂಥ ದೊಡ್ಡ ಸ್ಟುಡಿಯೋ ಅಮೆರಿಕದ ಓಹಾಯೋ ಮೂಲದ ಬಿಳಿಯ ನಟ ವಾರ್ನರ್ ಬ್ಯಾಕ್ಸ್‌ಟರ್‌ಗೆ ಈ ವೇಷ ತೊಡಿಸಿತು, ಆತನಿಗೆ ಆಸ್ಕರ್ ಕೂಡ ಬಂತು. 1946ರಲ್ಲಿ ಬಡ ಕಂಪನಿಯಾದ ಮೊನೋಗ್ರಾಮ್ ಅದನ್ನು ಮೆಕ್ಸಿಕೋದಲ್ಲಿ ಹುಟ್ಟಿದ ಗಿಲ್ಬರ್ಟ್ ರೋಲಂಡ್‌ಗೆ ಕೊಟ್ಟಿತು.

ಒಂದೇ ಚಿತ್ರ ನೋಡುವಷ್ಟು ಬಿಡುವಿದ್ದರೆ ಜೆಫ್ರೀಸ್ ಅವರ 'ದಿ ಬ್ರಾಂಜ್ ಬಕರೂ' (1939) ನೋಡಿ. ಒಂದು ಗಂಟೆಯೂ ಹಿಡಿಯುವುದಿಲ್ಲ. ಮಾತಾಡುವ ಹೇಸರಗತ್ತೆಯೆಂದು ನಂಬಿ ನಾಯಕನ ಗೆಳೆಯ ಮೋಸಹೋಗುವ ಹಾಸ್ಯ ಪ್ರಸಂಗ, ಕಪ್ಪು ಮನುಷ್ಯನನ್ನು ಪೆದ್ದನಾಗಿಸಿ ನಗಿಸುವ ಹಳೆಯ ಚಾಳಿಯದೇ ಆದ್ದರಿಂದ ಇಂದು ಮುಜುಗರ ತರುತ್ತದೆ. ಆದರೆ ಅದೇ ಚಿತ್ರದಲ್ಲಿ ಬಿಳಿ ಟೋಪಿ ತೊಟ್ಟು ಹಾಡುತ್ತ ಕುದುರೆಯೇರಿ ಬರುವವನೂ ಕಪ್ಪು ಮನುಷ್ಯನೇ.