ಮಾಡಿನ ಅಡಿಯ ಹಾಳೆ

ಉಡುಪಿ ಹತ್ತಿರದ ಪರ್ಕಳದ ನಮ್ಮ ಮನೆಯಲ್ಲಿ ಪ್ರತಿ ಮೇ ತಿಂಗಳು ಹಂಚು ಕೈಯಾಡಿಸುತ್ತಾರೆ. ಒಡೆದ ಹಂಚು ತೆಗೆದು, ಪಾಚಿ ಉಜ್ಜಿ, ಗೆದ್ದಲು ಹಿಡಿದ ರೀಪು (ಹಂಚು ಕೂರುವ ಅಡ್ಡ ಪಟ್ಟಿ) ಬದಲಿಸಿ ಮತ್ತೆ ಹೊದಿಸುತ್ತಾರೆ. ಈ ವರ್ಷ ಅಣ್ಣ ಅಲ್ಲಿ ಆ ಕೆಲಸ ಮಾಡಿಸುವಾಗ ಇಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ನಾನೂ ಮನೆಯ ಮಾಡು ಬಿಚ್ಚಿಸುತ್ತಿದ್ದೆ. ಅಮ್ಮ ಫೋನಿನಲ್ಲಿ ಕೇಳಿದರು, "ಅಲ್ಲಿ ನಮ್ಮಷ್ಟು ಮಳೆಯೇ ಇಲ್ವಲ್ಲ, ಮಾಡು ಸೋರುವುದು ಹೇಗೆ?"

ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಇಲ್ಲಿ ಅದರ ಕಾಲು ಭಾಗವೂ ಇಲ್ಲ. ಆದರೂ ಫೆಬ್ರವರಿಯ ಒಂದು ಬೆಳಿಗ್ಗೆ, ಒಳ್ಳೆ ಬಿಸಿಲಿದ್ದಾಗ, ಮಲಗುವ ಕೋಣೆಯ ಗೋಡೆಯಲ್ಲಿ ನೀರು ಇಳಿಯಿತು.

ಕಾರಣ ಹಿಮ. ಮನೆಯೊಳಗಿನ ಹೀಟರಿನ ಬಿಸಿ ಅಟ್ಟಕ್ಕೆ ಏರಿ ಮಾಡಿನ ಮೇಲಿನ ಹಿಮವನ್ನು ಅಡಿಯಿಂದ ಕರಗಿಸುತ್ತದೆ. ಆ ನೀರು ಕೆಳಗಿಳಿದು ಸೂರಿನ ಅಂಚಿಗೆ ಬರುತ್ತದೆ. ಅಂಚು ಗೋಡೆಯಿಂದ ಹೊರಗಿದೆ, ಅದಕ್ಕೆ ಮನೆಯ ಬಿಸಿ ತಾಗುವುದಿಲ್ಲ. ಅಲ್ಲಿ ನೀರು ಮತ್ತೆ ಗಟ್ಟಿಯಾಗಿ ಸಣ್ಣ ಕಟ್ಟೆ ಕಟ್ಟುತ್ತದೆ. ಹಿಂದೆ ಬರುವ ನೀರಿಗೆ ದಾರಿಯಿಲ್ಲ. ಅದು ಶಿಂಗಲ್‌ಗಳ (ಇಲ್ಲಿ ಹಂಚಿನ ಬದಲು ಹೊದಿಸುವ ತೆಳು ಬಿಲ್ಲೆಗಳ) ಅಡಿಗೆ ನುಗ್ಗಿ ಮೇಲೆ ಹತ್ತುತ್ತದೆ. ನೀರು ಮೇಲೆ ಹತ್ತುವುದೆಂದರೆ ನಮ್ಮ ಹಂಚಿನ ಮಾಡಿಗೆ ಗೊತ್ತೇ ಇಲ್ಲದ ವಿಷಯ ಅಲ್ವಾ?

ಆಗ ಮನೆ ಉಳಿಸುವುದು ಶಿಂಗಲ್ ಅಲ್ಲ, ಅದರ ಅಡಿಯ ಹಾಳೆ. ಇದಕ್ಕೆ ಅಂಡರ್‌ಲೇಮೆಂಟ್ ಎನ್ನುತ್ತಾರೆ. ಹಳೆಯ ಬಗೆ ಡಾಂಬರು ಹೀರಿಸಿದ ಫೆಲ್ಟ್. ಅಗ್ಗ, ಆದರೆ ಒದ್ದೆಯಾದರೆ ಸುಕ್ಕುಗಟ್ಟುತ್ತದೆ, ಗಾಳಿಗೆ ಹರಿಯುತ್ತದೆ. ಈಗ ಜಾಸ್ತಿ ಹಾಕುವುದು ಪಾಲಿಪ್ರೊಪಿಲೀನ್‌ನ ಸಿಂಥೆಟಿಕ್ ಹಾಳೆ. ಹಗುರ, ಸುಲಭಕ್ಕೆ ಹರಿಯುವುದಿಲ್ಲ. ಮೂರನೆಯದು ರಬ್ಬರಿನಂಥ ಡಾಂಬರಿನ ಅಂಟು ಹಾಳೆ, ಐಸ್ ಆ್ಯಂಡ್ ವಾಟರ್ ಶೀಲ್ಡ್. ಅಡಿಯಲ್ಲಿರುವ ಮಾಡಿನ ಪ್ಲೈವುಡ್‌ಗೆ ಗಟ್ಟಿಯಾಗಿ ಅಂಟುತ್ತದೆ. ಮೊಳೆ ಹೊಡೆದರೆ ಮೊಳೆಯ ಸುತ್ತಲೂ ತಾನೇ ಬಿಗಿಯುತ್ತದೆ.

ಹಾಗಾದರೆ ಇಡೀ ಮಾಡಿಗೆ ಅಂಟು ಹಾಳೆಯನ್ನೇ ಹಾಕಿಸೋಣ ಎಂದು ಮೊದಲು ಅನಿಸಿತು. ಬೇಡ ಎಂದು ಆಮೇಲೆ ತಿಳಿಯಿತು. ಅದು ಹಬೆಯನ್ನು ದಾಟಲು ಬಿಡುವುದಿಲ್ಲ. ಅಟ್ಟದಲ್ಲಿ ಗಾಳಿಯಾಡದಿದ್ದರೆ ಅಡುಗೆಮನೆ, ಬಚ್ಚಲಿನ ಹಬೆ ಅಲ್ಲೇ ನಿಂತು ಪ್ಲೈವುಡ್ ಒಳಗಿನಿಂದ ಕೊಳೆಯುತ್ತದೆ. ಅದಕ್ಕೇ ಸೂರಿನಂಚು, ಎರಡು ಇಳಿಜಾರು ಕೂಡುವ ಜಾಗ, ಚಿಮಣಿಯ ಸುತ್ತ ಮಾತ್ರ ಅಂಟು ಹಾಳೆ. ಉಳಿದ ಕಡೆ ಸಿಂಥೆಟಿಕ್. ಅಟ್ಟಕ್ಕೆ ಗಾಳಿಕಿಂಡಿಯನ್ನೂ ಹೆಚ್ಚಿಸಿದೆ.

ಕಾಂಟ್ರಾಕ್ಟರ್ ಬರೆದುಕೊಟ್ಟ ಅಂದಾಜಿನಲ್ಲಿ ಸೂರಿನಂಚಿಗೆ ಅಂಟು ಹಾಳೆ ಒಂದೇ ಸಾಲು ಇತ್ತು. ಹಿಮದ ಕಟ್ಟೆ ಕಟ್ಟುವ ಊರುಗಳಲ್ಲಿ ಅದು ಹೊರಗೋಡೆಯಿಂದ ಒಳಕ್ಕೆ ಕನಿಷ್ಠ 24 ಇಂಚು ಹೋಗಬೇಕು ಎಂದು ನಿಯಮ. ನಾನು ಟೇಪು ಹಿಡಿದು ಅಳೆದೆ. ನಮ್ಮ ಮಾಡು ಗೋಡೆಯಿಂದ 18 ಇಂಚು ಹೊರಗೆ ಚಾಚಿದೆ. ಒಳಗಿನ 24 ಸೇರಿದರೆ 42. ಇಳಿಜಾರಿನ ಮೇಲೆ ಇನ್ನೂ ಜಾಸ್ತಿ. ರೋಲಿನ ಅಗಲ ಬರೀ 36 ಇಂಚು! ಲೆಕ್ಕ ತೋರಿಸಿದ ಮೇಲೆ ಎರಡು ಸಾಲು ಹಾಕಲು ಒಪ್ಪಿದರು. ಇಲ್ಲಿ ಮನೆ ಮಾಡಿರುವ ನಮ್ಮೂರಿನವರು ದಯವಿಟ್ಟು ಇದೊಂದನ್ನು ಅಳೆದು ನೋಡಿ. ಶಿಂಗಲ್ ಮುಚ್ಚಿದ ಮೇಲೆ ಏನೂ ಕಾಣುವುದಿಲ್ಲ. ಮುಚ್ಚುವ ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ.

ಆ ಫೋಟೊ ನೋಡಿ ಅಣ್ಣ ಕೇಳಿದ, "ನಾನೂ ಹಂಚಿನಡಿ ಒಂದು ಶೀಟು ಹಾಕಿಸ್ಲಾ?"

ರೀಪಿನ ಮೇಲೆ ಸುಮ್ನೆ ಪ್ಲಾಸ್ಟಿಕ್ ಹಾಸಿ ಹಂಚಿಡಬೇಡ ಎಂದೆ. ಮಂಗಳೂರು ಹಂಚು ಸ್ವಲ್ಪ ನೀರು ಕುಡಿಯುತ್ತದೆ, ಅಡಿಯ ಗಾಳಿಗೆ ಒಣಗುತ್ತದೆ. ಶೀಟು ಆ ಗಾಳಿಯನ್ನೇ ತಡೆಯುತ್ತದೆ. ಸೋರಿದ ನೀರು ಅಡ್ಡ ರೀಪಿನ ಹತ್ತಿರ ನಿಲ್ಲುತ್ತದೆ. ಹಾಕಲೇಬೇಕಿದ್ದರೆ ಶೀಟಿನ ಮೇಲೆ ಪಕ್ಕಾಸಿನ (ಇಳಿಜಾರಿನ ತೊಲೆಯ) ಉದ್ದಕ್ಕೆ ಒಂದೊಂದು ಪಟ್ಟಿ ಹೊಡೆದು, ಅದರ ಮೇಲೆ ಅಡ್ಡ ರೀಪು ಕೊಡಬೇಕು. ಆಗ ಶೀಟಿಗೂ ಹಂಚಿಗೂ ನಡುವೆ ಗಾಳಿ ಆಡುತ್ತದೆ, ನೀರು ಕೆಳಗೆ ಜಾರುತ್ತದೆ.

ಹೊಸ ಕೋಣೆಯ ಮೇಲೆ ಹಾಗೇ ಮಾಡಿಸುತ್ತಾನಂತೆ. ಬುಧವಾರ ಆಚಾರಿ ಬರುತ್ತಾರೆ, ಅವರ ಹತ್ತಿರ ನೀನೇ ಮಾತಾಡು ಎಂದಿದ್ದಾನೆ.